ಇಂಜಿನ್ ಇಲ್ಲದ ಕಾರಿನ ಮೇಷ್ಟ್ರು

ನನಗೆ ಕಾರು ಓಡಿಸುವುದನ್ನು ಕಲಿಸಿದ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಅವರ ಶಿವಗಣಾರಾಧನೆಗೆ ಹೋಗಿ ಊಟ ಮಾಡಿ ಬಂದೆ. ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಕೂತಿದ್ದ ಹೆಂಗಸು, ದೂರದ ನೆಂಟರಂತೆ, “ನೀವು ಅವರಿಗೆ ಏನಾಗಬೇಕು?” ಅಂದರು.

“ಅವರ ಹತ್ರ ಡ್ರೈವಿಂಗ್ ಕಲಿತೆ.”

“ಇಂಜಿನ್ ಇದ್ದಾಗಲೋ, ತೆಗೆಸಿದ್ದಾಗಲೋ?”

“ತೆಗೆಸಿದ್ದಾಗ.”

ಆಕೆ ಹೋಳಿಗೆ ಮುರಿಯುವುದನ್ನು ನಿಲ್ಲಿಸಿ ನನ್ನನ್ನೊಮ್ಮೆ ಪೂರ್ತಿ ನೋಡಿ, ಎಲೆಯನ್ನು ಒಂದು ಗೇಣು ಆಚೆಗೆ ಎಳೆದುಕೊಂಡರು. ಕಾರಿಗೆ ದಾರಿ ಬಿಡುವ ಹಾಗೆ.

ಮೇಷ್ಟ್ರ ಮನೆ ನಜರ್‌ಬಾದಿನ ಒಂದು ಅಡ್ಡರಸ್ತೆಯಲ್ಲಿತ್ತು. ಅವರದು ಮಠಕ್ಕೆ ನಡೆದುಕೊಳ್ಳುವ, ಅಕ್ಕಿ ಮಂಡಿ ವ್ಯಾಪಾರದ ಮನೆತನ. ಅಣ್ಣತಮ್ಮಂದಿರು ಮಂಡಿಯಲ್ಲಿ ಕೂತರೆ ಇವರು ಮಂಡಿಯ ಲಾರಿಯಲ್ಲಿ ಕೂತರು. ಲಾರಿ ಮಾರಿದಮೇಲೆ ಒಂದು ಗುಂಡು ಬೆನ್ನಿನ ಬೂದು ಬಣ್ಣದ ಹಳೇ ಕಾರು ಕೊಂಡು, ಮನೆಯ ಕಾಂಪೌಂಡಿಗೆ ಬೋರ್ಡು ತೂಗುಹಾಕಿ, ಡ್ರೈವಿಂಗ್ ಶಾಲೆ ತೆರೆದರು. ಎಪ್ಪತ್ತರ ಹತ್ತಿರದ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ಮೂರೆಳೆ ವಿಭೂತಿ. ಬೆಳಿಗ್ಗೆ ಪೂಜೆ ಮುಗಿಸಿ ಹೊರಗೆ ಬಂದವರು ಬೆರಳಲ್ಲಿ ಉಳಿದ ವಿಭೂತಿಯನ್ನು ಕಾರಿನ ಬಾನೆಟ್ಟಿಗೂ ಎಳೆಯುತ್ತಿದ್ದರು. ಹೀಗಾಗಿ ಇಬ್ಬರೂ ಒಂದೇ ಮನೆಯವರು ಎಂದು ನೋಡಿದವರಿಗೆ ಗೊತ್ತಾಗುತ್ತಿತ್ತು.

ನಾನು ಅವರಲ್ಲಿಗೆ ಹೋದದ್ದಕ್ಕೆ ನಮ್ಮ ಯಜಮಾನರು ಕಾರಣ. ನಾವಿರುವುದು ಒಂಟಿಕೊಪ್ಪಲಿನಲ್ಲಿ. ನಾನು ಒಂದು ಪ್ರೌಢಶಾಲೆಯಲ್ಲಿ ಹೊಲಿಗೆ ಟೀಚರು. ಇವರಿಗೆ ಫೋಟೋಗೆ ಕಟ್ಟು ಹಾಕುವ ಅಂಗಡಿ ಇತ್ತು. ಇವರ ಕಣ್ಣಿನ ನರ ಸೋಲುತ್ತಾ ಬಂದು, ನೋಟ ಎರಡೂ ಪಕ್ಕದಿಂದ ಕಿರಿದಾಗುತ್ತಾ, ಕೊನೆಗೆ ಕೊಳವೆಯೊಳಗಿಂದ ನೋಡಿದ ಹಾಗಾಯಿತು. “ಇನ್ಮೇಲೆ ಗಾಡಿ ಮುಟ್ಟಬೇಡಿ” ಎಂದು ಡಾಕ್ಟರು ಹೇಳಿದ ದಿನದಿಂದ ಇವರು ಮನೆಯ ಹೊಸಿಲು ದಾಟುವುದನ್ನೇ ಬಿಟ್ಟರು. ಆಟೋ ಕರೆತಂದರೆ “ನಮ್ಮನೇಲಿ ಕಾರಿರುವಾಗ ನಾನ್ಯಾಕೆ ಆಟೋ ಹತ್ಲಿ?” ಅನ್ನುವರು. ಸರಿ, ಕಾರನ್ನು ಮಾರಿಬಿಡೋಣವೆಂದರೆ ಮಾತು ಬಿಡುವರು. ಅಂಗಡಿ ಮುಚ್ಚಿತು. ಗಡ್ಡ ಬೆಳೆಯಿತು. ಕಣ್ಣಿನ ಆಸ್ಪತ್ರೆಗೆ ಹೋಗಬೇಕಾದ ದಿನಗಳಲ್ಲಿ ಇವರಿಗೆ ತಲೆನೋವು ಬರತೊಡಗಿತು. ಇವರು ಹೊರಗೆ ಬರಬೇಕಾದರೆ ಮೊದಲು ಶೆಡ್ಡಿನಿಂದ ಕಾರು ಹೊರಗೆ ಬರಬೇಕು, ಅದನ್ನು ತರುವವಳು ನಾನೇ ಆಗಬೇಕು ಎಂಬುದು ನಿಧಾನವಾಗಿ ನನಗೆ ಅರ್ಥವಾಯಿತು.

ಎಲ್ ಬೋರ್ಡಿನ ಲೈಸೆನ್ಸ್ ಮಾಡಿಸಿ ಮನೆಯ ಹತ್ತಿರದ ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಅಲ್ಲಿ ಗೊತ್ತಾಯಿತು, ನನಗೆ ಇಂಜಿನ್ನಿನ ಸದ್ದಿಗೆ ಹೆದರಿಕೆ. ಪಕ್ಕದಲ್ಲಿ ಕೂತು ಕೇಳಿದರೆ ಏನೂ ಇಲ್ಲ. ಆದರೆ ನನ್ನ ಕಾಲಿನಿಂದ ಅದು ಗುರ್ರೆಂದರೆ ಎರಡೂ ಮೊಣಕಾಲು ತಾವಾಗಿಯೇ ನಡುಗಿ, ಪಾದ ಹೊಲಿಗೆ ಮಿಷಿನ್ ತುಳಿದಂತೆ ಆಡಲು ಶುರುವಾಗುವುದು. ಕಾರು ಕುಪ್ಪಳಿಸುವುದು. ಅಲ್ಲಿನ ಹುಡುಗ ಕೆಲವು ದಿನ ಕಿರುಚಿ ನೋಡಿ, “ಮೇಡಂ, ನಿಮಗೆ ಇದು ಆಗಲ್ಲ” ಅಂದ. ನಮ್ಮ ಶಾಲೆಯ ಹಿಂದಿ ಟೀಚರು ಈ ಸಂಗತಿ ಕೇಳಿ, “ನಜರ್‌ಬಾದಲ್ಲಿ ಒಬ್ಬರಿದ್ದಾರೆ. ಅವರ ಕಾರು ಸದ್ದೇ ಮಾಡಲ್ಲವಂತೆ” ಎಂದು ವಿಳಾಸ ಕೊಟ್ಟರು.

ಸದ್ದು ಮಾಡುತ್ತಿರಲಿಲ್ಲ, ನಿಜ. ನಾನು ಹೋದಾಗ ಬಾನೆಟ್ಟು ತೆರೆದಿತ್ತು. ಇಂಜಿನ್ ಇರಬೇಕಾದ ಜಾಗದಲ್ಲಿ ಒಂದು ಒರಳುಕಲ್ಲು ಕೂತಿತ್ತು.

“ಇಂಜಿನ್ ರಿಪೇರಿಗೆ ಹೋಗ್ಯದೆ” ಅಂದರು ಮೇಷ್ಟ್ರು. “ಭಾರ ಕಡಮೆಯಾಗಿ ಮೂತಿ ಮೇಲಕ್ಕೆದ್ದುಬುಡ್ತು. ಕೂತವ್ರಿಗೆ ಬರೀ ಆಕಾಶ ಕಾಣೋದು. ಅದಕ್ಕೇ ಒರಳು ಇಟ್ಟಿದೀನಿ. ಈಗ ನೋಡಿ, ರಸ್ತೆ ಕಾಣುತ್ತೆ.”

“ಮತ್ತೆ ಕ್ಲಾಸು?”

“ಕ್ಲಾಸಿಗೇನಮ್ಮ? ಸ್ಟೇರಿಂಗ್ ಅದೆ, ಬ್ರೇಕ್ ಅದೆ, ಗೇರ್ ಪೆಟ್ಟಿಗೆ ಅದೆ, ಕ್ಲಚ್ಚಿಗೊಂದು ಸ್ಪ್ರಿಂಗ್ ಕಟ್ಟಿದೀನಿ. ಬ್ಯಾಟ್ರಿ ಅದೆ, ಹಾರನ್ ಹೊಡೀತದೆ. ಇಂಜಿನ್ ಒಂದಿಲ್ಲ ಅನ್ನೋದು ಬುಟ್ರೆ ಈ ಕಾರಿಗೆ ಯಾವ ಕೊರತೆನೂ ಇಲ್ಲ.”

ನಾನು ನನ್ನ ಹೆದರಿಕೆಯ ವಿಷಯ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, “ಹಂಗಾದ್ರೆ ಇದು ನಿಮಗೇ ಅಂತ ಆದ ಕಾರು ಕಣಮ್ಮ. ಕೂತ್ಕೊಳಿ” ಎಂದು ಬಾಗಿಲು ತೆಗೆದರು.

ಇಂಜಿನ್ ಹೇಗೆ ಹೋಯಿತೆಂಬುದನ್ನು ನನಗೆ ಹೇಳಿದವರು ಅವರ ಹೆಂಡತಿ ಗೌರಮ್ಮ. ಅದಕ್ಕೆ ವಯಸ್ಸಾಗಿ ನೀಲಿ ಹೊಗೆ ಬಿಡಲು ಶುರುಮಾಡಿತಂತೆ. ಪೆಟ್ರೋಲಿಗಿಂತ ಆಯಿಲ್ ಜಾಸ್ತಿ ಕುಡಿಯುತ್ತಿತ್ತಂತೆ. ಮೊದಮೊದಲು ಕಾರು ಹೊರಟರೆ ಸೊಳ್ಳೆ ಹೊಡೆಯಲು ನಗರಪಾಲಿಕೆಯವರು ಹೊಗೆ ಬಿಡುತ್ತಿದ್ದಾರೆಂದು ಬೀದಿಯವರು ಕಿಟಕಿ ತೆರೆದಿಡುತ್ತಿದ್ದರಂತೆ. ಆಮೇಲೆ ಒಗೆದ ಬಟ್ಟೆಗೆ ಮಸಿ ಹತ್ತುತ್ತದೆಂದು ಜಗಳಕ್ಕೆ ಬಂದರಂತೆ. ಕೊನೆಗೆ ಉದಯಗಿರಿಯ ಮೆಕ್ಯಾನಿಕ್ ರಹಮತ್ ಸಾಬರು ಬಂದು ಕಿವಿಗೊಟ್ಟು ಕೇಳಿ, “ಬೋರಿಗೆ ಬಂದದೆ” ಅಂದರು. ಅಂದರೆ ಒಳಗೆ ಪಿಸ್ಟನ್ ಓಡಾಡುವ ಜಾಗ ಸವೆದು ಹಿಗ್ಗಿದೆ, ಲೇತಿಗೆ ಹಾಕಿ ಕೊರೆಸಬೇಕು ಎಂದು. ಚೈನು ಕಟ್ಟಿ ಇಂಜಿನ್ನನ್ನು ಎತ್ತಿ ಆಪೆ ಆಟೋದಲ್ಲಿ ಹಾಕಿಕೊಂಡು ಹೋದರು.

“ಅವತ್ತಿಂದ ಬೀದೀಲಿ ಸೊಳ್ಳೆ ಜಾಸ್ತಿ ಆಗ್ಯದೆ ಅಂತ ಈಗ ಅದಕ್ಕೂ ಬೈತಾರೆ ಕಣ್ರೀ” ಅಂದರು ಗೌರಮ್ಮ. “ನಂಗೆ ಒರಳೂ ಹೋಯ್ತು.”

ಪಾಠ ಹೀಗೆ ನಡೆಯುತ್ತಿತ್ತು. ನಾನು ಕೀಲಿ ತಿರುಗಿಸುತ್ತಿದ್ದೆ. ಮೇಷ್ಟ್ರು ಪಕ್ಕದಲ್ಲಿ ಕೂತು ಬಾಯಲ್ಲಿ ಇಂಜಿನ್ ಹೊರಡಿಸುತ್ತಿದ್ದರು. ಮೊದಲು ಕಿರ್ರ್ ಕಿರ್ರ್ ಎಂದು ಸೆಲ್ಫ್ ಸ್ಟಾರ್ಟರಿನ ಸದ್ದು, ಆಮೇಲೆ ಹತ್ತಿಕೊಂಡು ಡುರ್ರ್. ನಾನು ಎಕ್ಸಿಲರೇಟರ್ ಒತ್ತಿದಷ್ಟೂ ಅವರ ಸ್ವರ ಏರುತ್ತಿತ್ತು. ಸ್ವರ ತೀರಾ ಮೇಲಕ್ಕೆ ಹೋದರೆ ಗೇರು ಬದಲಾಯಿಸಬೇಕು. ಕ್ಲಚ್ಚನ್ನು ಒಮ್ಮೆಗೇ ಬಿಟ್ಟರೆ ಅವರು ಗಕ್ಕೆಂದು ಮುಂದಕ್ಕೆ ಮುಗ್ಗರಿಸಿ ಸುಮ್ಮನಾಗುವರು. “ಆಫ್ ಆಗೋಯ್ತು. ನಿಧಾನಕ್ಕೆ ಬುಡಿ ಅಂದ್ನಲ್ಲಮ್ಮ. ಕ್ಲಚ್ಚು ಅಂದ್ರೆ ಮಲಗಿರೋ ಮಗೀನ ಕೈಯಿಂದ ಸೆರಗು ಬುಡಿಸ್ಕೊಂಡಂಗೆ ಬುಡಬೇಕು.” ಮತ್ತೆ ಕಿರ್ರ್ ಕಿರ್ರ್. ಬೆಳಗಿನ ಹೊತ್ತಾದರೆ ಮನೆಯ ಹಿಂದಿದ್ದ ಮೃಗಾಲಯದ ಸಿಂಹವೂ ಗುಟುರು ಹಾಕುವುದು. ಇಬ್ಬರಲ್ಲಿ ಯಾರಿಗೆ ಗೇರು ಬದಲಾಯಿಸಬೇಕೆಂದು ನಾನು ಎಷ್ಟೋ ಸಲ ತಬ್ಬಿಬ್ಬಾಗಿದ್ದೇನೆ.

ನಿಂತಲ್ಲೇ ನಿಂತ ಕಾರಿಗೆ ದಾರಿಯೂ ಅವರೇ. “ಈಗ ಗೇಟು ದಾಟಿದ್ವಿ. ಎಡಕ್ಕೆ ಇಂಡಿಕೇಟರ್ ಹಾಕಿ. ಬಸ್ಸು ಬತ್ತಾ ಅದೆ, ಬುಟ್ಬುಡಿ ಅದನ್ನ. ಹಸು ಅಡ್ಡ ಬಂತು. ಹಾರನ್ ಹೊಡೀಬೇಡಿ, ಅದಕ್ಕೆ ಗೊತ್ತು.” ಒಮ್ಮೆ ನಾನು ಬ್ರೇಕು ಒತ್ತುವುದು ತಡವಾಯಿತು. ಮೇಷ್ಟ್ರು ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡರು. “ಅಯ್ಯೋ, ಆ ಅಜ್ಜಿಗೆ ತಗಲಿಸ್ಬುಟ್ರಲ್ಲಮ್ಮ!” ಅಷ್ಟಕ್ಕೇ ಬಿಡದೆ ಕಾರಿನಿಂದ ಇಳಿದು, ಬಾನೆಟ್ಟಿನ ಮುಂದೆ ಹೋಗಿ ಬಗ್ಗಿ, “ಏನಾಗಿಲ್ಲ ಬುಡವ್ವ, ಎದ್ದೇಳು, ಹೊಸ್ಬರು” ಎಂದು ಸಮಾಧಾನ ಹೇಳಿ ಬಂದರು. ನಾನೂ ಇಳಿದು ಕೈಮುಗಿದೆ. ಇಳಿದಮೇಲೆ ಅಲ್ಲಿ ಯಾರೂ ಇಲ್ಲವೆಂಬುದು ನೆನಪಾಯಿತು. ಪಕ್ಕದ ಮನೆಯವರು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಾ ನೋಡುತ್ತಿದ್ದರು.

ನನ್ನ ಜೊತೆಗೆ ಕಲಿಯುತ್ತಿದ್ದವರು ಸಿದ್ದರಾಜು. ಮಾರ್ಕೆಟ್ಟಿನಲ್ಲಿ ಹೂವಿನ ಹಾರದ ಅಂಗಡಿ ಇಟ್ಟಿದ್ದ ಐವತ್ತರ ಆಸುಪಾಸಿನ ಮನುಷ್ಯ. ನನ್ನ ಪಾಠದ ಹೊತ್ತಿನಲ್ಲಿ ಅವರು ಹಿಂದಿನ ಸೀಟಿನಲ್ಲಿ ಪ್ರಯಾಣಿಕರಾಗಿ ಕೂರಬೇಕು ಎಂಬುದು ಮೇಷ್ಟ್ರ ಕಟ್ಟಳೆ. “ಖಾಲಿ ಕಾರು ಓಡ್ಸಿ ಅಭ್ಯಾಸ ಆದ್ರೆ ತುಂಬಿದ್ ಕಾರು ಓಡ್ಸಕ್ಕಾಗಲ್ಲ.” ಬೆಟ್ಟ ಹತ್ತುವ ಪಾಠದ ದಿನ ಮೇಷ್ಟ್ರು ನನ್ನನ್ನು ತಿರುವಿನ ಮೇಲೆ ತಿರುವು ಹತ್ತಿಸಿದರು. ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಅವರೂ ಜೊತೆಗೇ ವಾಲುತ್ತಾ, ಬಾಯಲ್ಲಿ ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಾ ಅರ್ಧ ಬೆಟ್ಟ ಹತ್ತಿದ್ದರು. ಹಿಂದಿನಿಂದ ಸಿದ್ದರಾಜು, “ಮೇಷ್ಟ್ರೇ, ವಸಿ ನಿಲ್ಲಿಸ್ತೀರಾ?” ಅಂದರು. ಮುಖ ಬಿಳಿಚಿಕೊಂಡಿತ್ತು. ಬಾಗಿಲು ತೆಗೆದು ಓಡಿಹೋಗಿ ನಲ್ಲಿಯ ಹತ್ತಿರ ವಾಂತಿ ಮಾಡಿಕೊಂಡರು. ಗೌರಮ್ಮ ನಿಂಬೆಹಣ್ಣು ತಂದುಕೊಟ್ಟು, “ಬೆಟ್ಟಕ್ಕೆ ಹೋಗೋವಾಗ ಹೊಟ್ಟೆ ತುಂಬ ತಿನ್ಬಾರ್ದು ಕಣಪ್ಪ” ಅಂದರು. ಅವರೂ ಆ ಹೊತ್ತಿಗೆ ಇದಕ್ಕೆಲ್ಲ ಒಗ್ಗಿಹೋಗಿದ್ದರು.

ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ನಮ್ಮ ಯಜಮಾನರು ನಗುತ್ತಿರಲಿಲ್ಲ. “ಎಲ್ಲಿವರೆಗೆ ಹೋದೆ ಇವತ್ತು?” ಎಂದು ಕೇಳುವರು. “ಬೆಟ್ಟಕ್ಕೆ.” “ಮೂರನೇ ತಿರುವಲ್ಲಿ ಗೇರ್ ಇಳಿಸಿದ್ಯಾ?” “ಇಳಿಸಿದೆ.” ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗುವರು. ಆದರೆ ಮರುದಿನ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಮತ್ತದೇ ಪ್ರಶ್ನೆ ಸಿದ್ಧವಾಗಿರುತ್ತಿತ್ತು.

ಇಂಜಿನ್ ಮಾತ್ರ ಬರಲಿಲ್ಲ. “ಈ ವಾರ ಬಂದ್ಬುಡುತ್ತೆ” ಅನ್ನುತ್ತಾ ತಿಂಗಳುಗಳು ಕಳೆದವು. ಒಂದು ದಿನ ಮೇಷ್ಟ್ರ ಜೊತೆ ನಾನೂ ಉದಯಗಿರಿಗೆ ಹೋದೆ. ರಹಮತ್ ಸಾಬರ ಗ್ಯಾರೇಜಿನಲ್ಲಿ ನಮ್ಮ ಇಂಜಿನ್ನು ಒಂದು ಮರದ ಪೆಟ್ಟಿಗೆಯ ಮೇಲೆ ಬಾಯಿ ತೆರೆದು ಕೂತಿತ್ತು. ಪಿಸ್ಟನ್ ಓಡಾಡುವ ಒಂದು ಗುಂಡಿಯಲ್ಲಿ ಟೀ ಲೋಟ ಇಳಿಬಿಟ್ಟಿದ್ದರು.

“ನೋಡಿ ಮೇಡಂ” ಎಂದು ಸಾಬರು ಆ ಲೋಟವನ್ನು ಎತ್ತಿ ಮತ್ತೆ ಇಳಿಸಿ ತೋರಿಸಿದರು. “ಲೋಟ ಆರಾಮಾಗಿ ಒಳಗೆ ಹೋಯ್ತು. ಹೊಸ ಇಂಜಿನ್‌ಗೆ ಹೋಗ್ತದಾ? ಎಷ್ಟು ಸಲ ಕೊರೆಯೋದು? ಇನ್ನು ಕೊರೆದ್ರೆ ಪಕ್ಕದ ಮನೆಗೆ ಹೋಗ್ತದೆ. ಇದು ಖತಂ. ಬೇರೆ ಇಂಜಿನ್ ಹಾಕ್ರಿ ಅಂದ್ರೆ ಮೇಷ್ಟ್ರು ಕೇಳಂಗಿಲ್ಲ.”

ಮೇಷ್ಟ್ರು ಚಪ್ಪಲಿ ಬಿಟ್ಟು ಇಂಜಿನ್ನಿನ ಮುಂದೆ ನಿಂತಿದ್ದರು. “ಬೇರೆಯವ್ರ ಇಂಜಿನ್ನು ನಂಗೆ ಸರಿಹೋಗಲ್ಲ ರಹಮತ್ತು.”

“ಒಂದಲ್ಲ, ಎಷ್ಟೊಂದು ತೋರಿಸ್ದೆ! ಮಂಡ್ಯದ್ದು ಒಂದು ಬಂತು. ಬೇಡ ಅಂದ್ರಿ.”

“ಅದು ಕಬ್ಬಿನ ಲೋಡ್ ನೋಡಿರೋ ಊರಿನ ಇಂಜಿನ್ನು. ಒರಟು.”

“ವಕೀಲ್ರ ಕಾರಿಂದು ಬಂತು. ಅದಕ್ಕೇನಾಗಿತ್ತು?”

“ಸ್ಟಾರ್ಟ್ ಮಾಡಿದ್ರೆ ವಾದ ಮಾಡ್ದಂಗೆ ಸದ್ದು ಬತ್ತಿತ್ತು. ನೀನೇ ಕೇಳಿದ್ಯಲ್ಲ.”

ಸಾಬರು ನನ್ನ ಕಡೆ ತಿರುಗಿ ಕೈ ಚೆಲ್ಲಿದರು. “ಮಗಳಿಗೆ ಗಂಡು ಹುಡುಕೋವಾಗಲೂ ನಾನು ಇಷ್ಟು ತಿರುಗಿಲ್ಲ ಮೇಡಂ. ಈಗ ಇನ್ನೊಂದದೆ. ಅದನ್ನ ಹೇಳಕ್ಕೇ ಹೆದ್ರಿಕೆ ನಂಗೆ.”

ಹೇಳಲು ಹೆದರುವಂಥದ್ದೇ. ಅದು ಹೆಣದ ಗಾಡಿಯ ಇಂಜಿನ್ನು. ಯಾವುದೋ ಸೇವಾ ಸಂಘದವರು ಹಳೇ ಗಾಡಿಯನ್ನು ಗುಜರಿಗೆ ಹಾಕಿದ್ದರು. ಮೇಷ್ಟ್ರ ಕಾರಿಗೆ ಅಳತೆಯಲ್ಲಿ ಸರಿಯಾಗಿ ಕೂರುತ್ತಿತ್ತು. “ಚಿನ್ನದಂಥ ಇಂಜಿನ್ನು ಮೇಷ್ಟ್ರೇ” ಅಂದರು ಸಾಬರು. “ಒಂದ್ ದಿನಾನಾದ್ರೂ ಓಡಿದ್ಯಾ ಅದು? ಇಲ್ಲ. ಹುಟ್ಟಿದಾಗಿಂದ ನಡ್ಕೊಂಡೇ ಹೋಗ್ಯದೆ. ಒಳಗೆ ಸವೆದೇ ಇಲ್ಲ.”

ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡರು. ಬೇಡವೆನ್ನಲು ಇದಕ್ಕಿಂತ ಒಳ್ಳೆಯ ಕಾರಣ ಅವರಿಗೆ ಸಿಗುವಂತಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ನನ್ನ ಕಷ್ಟ ಹೇಳಿಕೊಂಡೆ. ಎಲ್ ಬೋರ್ಡಿನ ಅವಧಿ ಮುಗಿಯುತ್ತಾ ಬಂದಿದೆ, ಅದರೊಳಗೆ ಟೆಸ್ಟ್ ಕೊಡದಿದ್ದರೆ ಮತ್ತೆ ಮೊದಲಿಂದ ಶುರು. ನನಗೆ ಅಷ್ಟು ಧೈರ್ಯ ಎರಡನೇ ಸಲ ಬರುವುದಿಲ್ಲ. ಮನೆಯಲ್ಲಿ ಇವರು ಹೊರಗಿನ ಬೆಳಕನ್ನೇ ನೋಡದೆ ಕೂತಿದ್ದಾರೆ, ಉಳಿದಿರುವ ದೃಷ್ಟಿಯೂ ಗೋಡೆ ನೋಡುತ್ತಲೇ ಹೋಗಿಬಿಡುತ್ತದೇನೋ ಎಂದು ಹೆದರಿಕೆ ಎಂದೆ. ಮೇಷ್ಟ್ರು ಕಿಟಕಿಯಾಚೆ ನೋಡುತ್ತಾ “ಹೂಂ” ಅಂದರು.

ಮರುದಿನ ಅವರು ಒಬ್ಬರೇ ಉದಯಗಿರಿಗೆ ಹೋಗಿ ಹೆಣದ ಗಾಡಿಯ ಇಂಜಿನ್ನಿಗೆ ಒಪ್ಪಿಗೆ ಕೊಟ್ಟು ಬಂದರು.

ಗೌರಮ್ಮನವರು ಸಿಟ್ಟಿನಿಂದ ಕುಣಿದಾಡಿಬಿಟ್ಟರು. “ಹೆಣ ಹೊತ್ತ ಇಂಜಿನ್ನು ನನ್ನ ಬಾಗ್ಲಲ್ಲಿ ಬೇಡ ಕಣ್ರೀ!”

“ನಮ್ಮಲ್ಲಿ ಸೂತಕ ಇಲ್ಲ ಕಣೇ. ಲಿಂಗ ಕಟ್ಕೊಂಡೋರಿಗೆ ಎಂಥ ಮೈಲಿಗೆ?”

“ಸೂತಕ ಇಲ್ಲ, ಸರಿ. ನಾಚಿಕೆನೂ ಇಲ್ವಾ?”

ಮಠದಿಂದ ಅಯ್ಯನವರೊಬ್ಬರನ್ನು ಕರೆಸಿದರು. ಅವರು ಇಂಜಿನ್ನನ್ನು ಸುತ್ತಲೂ ನೋಡಿ, “ಇಷ್ಟು ಜನರನ್ನ ಶಿವನ ಹತ್ರ ಮುಟ್ಟಿಸಿದೆ. ನಮ್ಮ ಕೈಲೇ ಆಗಿಲ್ಲ” ಎಂದು ವಿಭೂತಿ ಹಚ್ಚಿದರು. ಗೌರಮ್ಮ ಒರಳು ವಾಪಸು ಸಿಕ್ಕಿತೆಂಬ ಸಮಾಧಾನಕ್ಕೆ ಸುಮ್ಮನಾದರು.

ಇಂಜಿನ್ ಕೂರಿಸಿ ಮೊದಲ ಸಲ ಶುರುಮಾಡಿದಾಗ ಸಾಬರು, ಸಿದ್ದರಾಜು, ನಾನು ಎಲ್ಲರೂ ಇದ್ದೆವು. ಅದು ಮೂರು ಸಲ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ದಪ್ಪ ಸ್ವರದಲ್ಲಿ ಗುಡುಗುಡು ಎಂದಿತು. ಸಿದ್ದರಾಜು ಥಟ್ಟನೆ ತಲೆಯ ಮೇಲಿನ ಟವಲು ತೆಗೆದರು. “ಈ ಸದ್ದು ನಂಗೊತ್ತು ಮೇಷ್ಟ್ರೇ. ಇದಕ್ಕೆ ನಾನೆಷ್ಟು ಹಾರ ಕಟ್ಟಿದೀನಿ!”

ನನ್ನನ್ನು ಕೂರಿಸಿದರು. ಕೀಲಿ ತಿರುಗಿಸಿದೆ. ನಿಜವಾದ ಇಂಜಿನ್ನು ಗುರ್ರೆಂದ ಕೂಡಲೇ ನನ್ನ ಮೊಣಕಾಲು ಮತ್ತೆ ಶುರುಹಚ್ಚಿಕೊಂಡವು. ಎಷ್ಟೋ ತಿಂಗಳ ಪಾಠ ನೀರಿಗೆ ಹೋಯಿತು ಅನ್ನಿಸಿ ಕಣ್ಣಲ್ಲಿ ನೀರೇ ಬಂತು. ಪಕ್ಕದಲ್ಲಿದ್ದ ಮೇಷ್ಟ್ರು ನನ್ನ ಕಾಲು ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ಇಂಜಿನ್ನಿಗಿಂತ ಜೋರಾಗಿ, “ಡುರ್ರ್ರ್ರ್” ಎಂದರು.

ಅದು ನನಗೆ ಗೊತ್ತಿದ್ದ ಸದ್ದು. ಕಾಲು ನಿಂತವು. ಕ್ಲಚ್ಚು ನಿಧಾನಕ್ಕೆ ಬಿಟ್ಟೆ. ಕಾರು ತಾನಾಗಿ ಗೇಟು ದಾಟಿತು.

ಅವತ್ತು ನಾನು ರಸ್ತೆಗೆ ಇಳಿದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಮೇಷ್ಟ್ರ ಅಡ್ಡರಸ್ತೆ ಸೇರುವುದು ಸ್ಮಶಾನಕ್ಕೆ ಹೋಗುವ ದೊಡ್ಡ ರಸ್ತೆಗೆ; ಅಲ್ಲಿನ ಅಂಗಡಿಯವರಿಗೆಲ್ಲ ಈ ಇಂಜಿನ್ನಿನ ಕೆಮ್ಮು ಚಿರಪರಿಚಿತ. ದೂರದಿಂದ ಸದ್ದು ಕೇಳಿದ ಕೂಡಲೇ ಒಬ್ಬೊಬ್ಬರಾಗಿ ಷಟರನ್ನು ಅರ್ಧ ಎಳೆದರು. ಟೀ ಅಂಗಡಿಯಲ್ಲಿ ಕೂತಿದ್ದವರು ಎದ್ದು ನಿಂತರು. ಸರ್ಕಲ್ಲಿನ ಪೊಲೀಸಿನವನು ನಮ್ಮ ಕಡೆ ನೋಡದೆಯೇ ಉಳಿದ ಮೂರು ಕಡೆಯ ವಾಹನಗಳನ್ನು ತಡೆದ. ಆಮೇಲೆ ನೋಡಿದರೆ ಕಾರಿನಲ್ಲಿ ಎಲ್ ಬೋರ್ಡು, ಬೆವರುತ್ತಿರುವ ಹೆಂಗಸು, ಬಾಯಲ್ಲಿ ಸದ್ದು ಮಾಡುತ್ತಿರುವ ಮುದುಕರು. ಮೇಷ್ಟ್ರಿಗೆ ಅವಮಾನವಾಗಿ ಕಾರು ನಿಲ್ಲಿಸಲು ಹೇಳುವರು. ಇಳಿದು ಅಂಗಡಿಯಿಂದ ಅಂಗಡಿಗೆ ಹೋಗಿ, “ಷಟರ್ ತೆಗೀರಿ, ನಮ್ಮಲ್ಲಿ ಯಾರೂ ಸತ್ತಿಲ್ಲ!” ಎಂದು ತಿಳಿಸುವರು. ಕೆಲವರು ಅದನ್ನು ದುಃಖದಲ್ಲಿ ಆಡಿದ ಮಾತೆಂದು ತಿಳಿದು, “ಸಮಾಧಾನ ಮಾಡ್ಕೊಳ್ಳಿ ಸ್ವಾಮಿ” ಎಂದು ಅವರ ಕೈ ಹಿಡಿದುಕೊಂಡರು.

ಆದರೆ ನನಗೆ ಅದರಿಂದ ಒಳ್ಳೆಯದೇ ಆಯಿತು. ಹೋದಲ್ಲೆಲ್ಲ ಜನ ದಾರಿ ಬಿಟ್ಟರು. ಯಾರೂ ಹಾರನ್ ಹೊಡೆಯಲಿಲ್ಲ, ಹಿಂದಿನಿಂದ ಯಾರೂ ನುಗ್ಗಲಿಲ್ಲ. ಹೀಗೆ ಒಂದು ವಾರ ಓಡಿಸುವುದರೊಳಗೆ ರಸ್ತೆಯ ಹೆದರಿಕೆ ಕಳೆಯಿತು. ಮೇಷ್ಟ್ರು ಒಂದು ಕೈಯಲ್ಲಿ ಬಾಗಿಲಿನ ಹಿಡಿ, ಇನ್ನೊಂದರಲ್ಲಿ ಕೊರಳಿನ ಲಿಂಗದ ಕರಡಿಗೆ ಹಿಡಿದು, ಸದ್ದು ಮಾಡುವುದರ ನಡುನಡುವೆ ‘ಓಂ ನಮಃ ಶಿವಾಯ’ ಅನ್ನುತ್ತಿದ್ದರು. ಭಕ್ತಿ ಎಂದುಕೊಂಡಿದ್ದೆ.

ಟೆಸ್ಟಿನ ದಿನ ಬ್ರೇಕ್ ಇನ್ಸ್‌ಪೆಕ್ಟರು ನನ್ನ ಪಕ್ಕ ಕೂತು, ಮೇಷ್ಟ್ರಿಗೆ ಬೇಲಿಯಾಚೆ ಹೋಗಿ ನಿಲ್ಲಲು ಹೇಳಿದರು. ಮೈದಾನದಲ್ಲಿ ಎಂಟು ಹಾಕಬೇಕು. ಇಂಜಿನ್ ಶುರುವಾಯಿತು. ಕಿವಿಯ ಹತ್ತಿರ ಯಾರೂ ಇಲ್ಲ. ಬಲಮೊಣಕಾಲು ಮೆಲ್ಲಗೆ ಆಡತೊಡಗಿತು. ಆಗ ಬೇಲಿಯ ಆಚೆಯಿಂದ, ಸರದಿಯಲ್ಲಿ ನಿಂತವರೆಲ್ಲ ತಿರುಗಿ ನೋಡುವ ಹಾಗೆ, ಡುರ್ರೆಂಬ ಸದ್ದು ಬಂತು. ನಾನು ಹೊರಟೆ.

“ಏನ್ರೀ ಅದು ಸದ್ದು?” ಅಂದರು ಇನ್ಸ್‌ಪೆಕ್ಟರು.

“ಇಂಜಿನ್ ಸಾರ್.”

“ಇಂಜಿನ್ ಇಲ್ಲಿದೆ. ಸದ್ದು ಅಲ್ಲಿಂದ ಬರ್ತಾ ಇದೆ.”

“ಹಳೇ ಕಾರು ಸಾರ್.”

ಎಂಟಿನ ಒಂದು ಸೊನ್ನೆ ಮುಗಿದು ಇನ್ನೊಂದಕ್ಕೆ ತಿರುಗಿದೆ. ಮೇಷ್ಟ್ರು ಬೇಲಿಯಾಚೆ ನನ್ನ ಜೊತೆಗೇ ಓಡಿಬರುತ್ತಾ ಸ್ವರ ಏರಿಸಿದರು. ನಾನು ಗೇರು ಬದಲಾಯಿಸಿದೆ. ಇನ್ಸ್‌ಪೆಕ್ಟರು ನನ್ನನ್ನು, ಮೇಷ್ಟ್ರನ್ನು, ಬಾನೆಟ್ಟಿನ ಮೇಲಿನ ವಿಭೂತಿಯನ್ನು ಸರದಿಯಂತೆ ನೋಡಿ, ಇನ್ನೇನೂ ಕೇಳದೆ ಪಾಸು ಮಾಡಿ ಇಳಿದುಹೋದರು. ಮೇಷ್ಟ್ರಿಗೆ ಎರಡು ದಿನ ಗಂಟಲು ಕೂತು ಮಾತು ಹೊರಡಲಿಲ್ಲ.

ಲೈಸೆನ್ಸ್ ಬಂದಮೇಲಿನ ಭಾನುವಾರ ರಹಮತ್ ಸಾಬರು ನಮ್ಮ ಶೆಡ್ಡಿನ ಕಾರಿಗೆ ಬ್ಯಾಟರಿ ಹಾಕಿ, ತೊಳೆದು ಹೊರಗೆ ತಂದು ನಿಲ್ಲಿಸಿ ಹೋದರು. ಮೊದಲ ಸಲಕ್ಕೆ ಮೇಷ್ಟ್ರು ಜೊತೆಗಿರಲಿ ಎಂದು ಒಂಟಿಕೊಪ್ಪಲಿಗೆ ಕರೆಸಿಕೊಂಡೆ. ನಮ್ಮ ಯಜಮಾನರು ಗಡ್ಡ ಬೋಳಿಸಿಕೊಂಡು, ಅಂಗಡಿಗೆ ಹೋಗುವಾಗಿನ ಷರಟು ಹಾಕಿಕೊಂಡು ಬಂದು ಕಾರಿನ ಬಾನೆಟ್ಟನ್ನು ಕೈಯಲ್ಲಿ ಸವರಿ ನೋಡಿದರು. ಹೊಸಿಲು ದಾಟಿದ್ದನ್ನು ಅವರು ಗಮನಿಸಿದರೋ ಇಲ್ಲವೋ, ನಾನು ಮಾತಾಡಲಿಲ್ಲ. ಅವರು ಮುಂದೆ ನನ್ನ ಪಕ್ಕ, ಮೇಷ್ಟ್ರು ಹಿಂದೆ. ಹೊರಟೆವು. “ಎಡಕ್ಕೆ ಇಟ್ಕೋ” ಎಂದು ಇವರು, “ಬಲಕ್ಕೆ ಜಾಗ ಅದೆ ಕಣಮ್ಮ” ಎಂದು ಅವರು. ಹೋಟೆಲ್ ಸೇರುವವರೆಗೆ ಇಬ್ಬರೂ ಒಂದು ಕ್ಷಣ ಬಾಯಿ ಮುಚ್ಚಲಿಲ್ಲ. ದೋಸೆ ತಿನ್ನುವಾಗ ಇಬ್ಬರೂ ಒಂದಾಗಿ ನಾನು ಬ್ರೇಕು ಹಿಡಿಯುವ ರೀತಿಯನ್ನು ಬೈದರು. ನಮ್ಮ ಯಜಮಾನರು ಎರಡನೇ ದೋಸೆ ಹೇಳಿದರು.

ಹೊರಗೆ ಬಂದಮೇಲೆ ಮೇಷ್ಟ್ರು ಕಾರಿನ ಕಡೆ ಬರಲಿಲ್ಲ. ಬಸ್ ಸ್ಟಾಪಿನ ಕಡೆ ತಿರುಗಿದರು.

“ನೀವಿಬ್ರೇ ಹೋಗಿ. ನಾನು ಬಸ್ಸಲ್ಲಿ ಹೋಯ್ತೀನಿ.”

“ಯಾಕೆ ಮೇಷ್ಟ್ರೇ? ನಿಮ್ಮನೆ ಬಾಗಿಲಿಗೆ ಬಿಡ್ತೀನಿ ಬನ್ನಿ.”

“ಬೇಡ ಕಣಮ್ಮ.” ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. “ಬೇರೆಯವ್ರು ಓಡ್ಸೋ ಕಾರಲ್ಲಿ ಕೂತ್ರೆ ನಂಗೆ ಜೀವ ಹೋಯ್ತದೆ.”

ತಮಾಷೆ ಎಂದು ನಕ್ಕೆ. ಅವರು ನಗಲಿಲ್ಲ.

“ಇಷ್ಟು ವರ್ಷ ಜನಕ್ಕೆ ಕಲಿಸಿದ್ದೀರಲ್ಲ ಮೇಷ್ಟ್ರೇ!”

“ಹೆದರ್ಕೊಂಡೇ ಕಲ್ಸಿದೀನಿ. ದಿನಾ ಪೂಜೆಗೆ ಕೂತಾಗ, ಶಿವನೇ ಇವತ್ತೊಂದಿನ ಉಳ್ಸು ಅಂತ ಕೇಳ್ಕೊಂಡೇ ಹೊರಡ್ತಿದ್ದೆ. ಗೌರಿಗೂ ಹೇಳಿಲ್ಲ.”

“ಮತ್ತೆ ನಂಗೆ ಕಲಿಸುವಾಗ ಅಷ್ಟು ಆರಾಮಾಗಿ ಕೂತಿರ್ತಿದ್ರಿ?”

“ಇಂಜಿನ್ ಇರ್ಲಿಲ್ವಲ್ಲಮ್ಮ!” ಅಂದರು ಮೇಷ್ಟ್ರು. “ಆ ಒಂದಷ್ಟು ತಿಂಗಳು ನಾನು ನೆಮ್ಮದಿಯಾಗಿದ್ದೆ. ಪಾಪ, ಆ ರಹಮತ್ತು ಅಷ್ಟೊಂದು ಇಂಜಿನ್ ಹುಡುಕ್ದ. ನಾನೇ ಒಂದೊಂದು ನೆಪ ಹೇಳಿ ಬೇಡ ಅಂದೆ.”

“ಮತ್ತೆ ಆ ಹೆಣದ ಗಾಡೀದು ಯಾಕೆ ಒಪ್ಕೊಂಡ್ರಿ?”

ಮೇಷ್ಟ್ರು, ಕಾರಿನ ಪಕ್ಕ ಮುಖವನ್ನು ಬಿಸಿಲಿಗೆ ಎತ್ತಿ ನಿಂತಿದ್ದ ನಮ್ಮ ಯಜಮಾನರ ಕಡೆ ಒಮ್ಮೆ ನೋಡಿದರು. “ನಿಮ್ ಎಲ್ ಬೋರ್ಡ್ ಮುಗೀತಿತ್ತಲ್ಲಮ್ಮ” ಅಂದರು.

ಅಷ್ಟರಲ್ಲಿ ಬಸ್ಸು ಬಂತು. ಪಂಚೆ ಎತ್ತಿಕೊಂಡು ಹತ್ತಿಬಿಟ್ಟರು.

ನಾನು ಕಾರಿನ ಹತ್ತಿರ ಬಂದಾಗ ನಮ್ಮ ಯಜಮಾನರು ಅಭ್ಯಾಸಬಲದಿಂದ ಬಲಗಡೆಯ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದರು. ಆಮೇಲೆ ಬಾಗಿಲು ತೆಗೆದು, “ಕೂತ್ಕೋ” ಎಂದು ನನಗೆ ಹೇಳಿ, ಬಾನೆಟ್ಟನ್ನು ಮುಟ್ಟಿಕೊಂಡು ಮುಂದಿನಿಂದ ಸುತ್ತಿ ಎಡಗಡೆಗೆ ಹೋದರು.

ಬಸ್ಸಿನ ಹಿಂದೆಯೇ ಹೋದೆ. ಹಿಂದಿನ ಗಾಜಿನಲ್ಲಿ, ನಿಂತ ಜನರ ನಡುವೆ, ಮೇಷ್ಟ್ರ ಬಿಳಿ ಅಂಗಿ ಕಾಣುತ್ತಿತ್ತು. ಬಸ್ಸು ನಿಂತಲ್ಲೆಲ್ಲ ಅವರು ಗಾಜಿಗೆ ಮುಖ ಒತ್ತಿ, ದೂರ ಇರು ದೂರ ಇರು ಎಂದು ಎರಡೂ ಕೈಯಲ್ಲಿ ನನಗೆ ಸನ್ನೆ ಮಾಡುತ್ತಿದ್ದರು. ಪಕ್ಕದವರು ಅವರನ್ನು ಹಿಡಿದುಕೊಂಡು ಬೀಳದಂತೆ ನೋಡಿಕೊಳ್ಳುತ್ತಿದ್ದರು. ಸರ್ಕಲ್ ಬಂತು. ಬಸ್ಸು ಎಡಕ್ಕೆ ತಿರುಗಿತು.

“ನಾವು?” ಅಂದರು ನಮ್ಮ ಯಜಮಾನರು.

“ನೇರ” ಎಂದೆ.